ಏಳು ವರ್ಷ ಎಂದರೆ ಎಷ್ಟು? ಒಲಿವಿಯಾ ಡಿ ಹ್ಯಾವಿಲೆಂಡ್ ಮತ್ತು ಹಾಲಿವುಡ್ ಕರಾರಿನ ಲೆಕ್ಕ

ಹಾಲಿವುಡ್ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ವಾರ್ನರ್ ಬ್ರದರ್ಸ್ ಸ್ಟುಡಿಯೊಗೆ ಬರೆದುಕೊಟ್ಟಿದ್ದ ಏಳು ವರ್ಷದ ಕರಾರು 1943ರ ಮೇ ತಿಂಗಳಿಗೆ ತೀರಬೇಕಿತ್ತು. ತೀರಲಿಲ್ಲ. ಅವರು ಬೇಡವೆಂದ ಪಾತ್ರಗಳಿಗಾಗಿ ಆಗಾಗ ಸಂಬಳ ನಿಲ್ಲಿಸಿ ಮನೆಯಲ್ಲಿ ಕೂರಿಸಿದ್ದ ವಾರಗಳನ್ನೆಲ್ಲ ಸ್ಟುಡಿಯೊ ಬರೆದಿಟ್ಟುಕೊಂಡಿತ್ತು. ಅಷ್ಟನ್ನೂ ಕೂಡಿಸಿ ಕರಾರಿನ ಬಾಲಕ್ಕೆ ಸೇರಿಸಿ, ಇನ್ನೂ ಸುಮಾರು ಆರು ತಿಂಗಳ ದುಡಿಮೆ ಬಾಕಿಯಿದೆ ಎಂದಿತು. ಆಗ ಒಲಿವಿಯಾಗೆ 26 ವರ್ಷ. ಅಷ್ಟು ಹೊತ್ತಿಗಾಗಲೇ ಎರಡು ಸಲ ಆಸ್ಕರ್‌ಗೆ ಹೆಸರು ಹೋಗಿತ್ತು. ಆ ಎರಡೂ ಸಲ ಹೋದದ್ದು ಬೇರೆಯವರ ಚಿತ್ರಗಳಿಂದ, ವಾರ್ನರ್ ಚಿತ್ರಗಳಿಂದಲ್ಲ.

ಒಲಿವಿಯಾ ಎಂದೊಡನೆ ಬಹುಪಾಲು ಜನಕ್ಕೆ ನೆನಪಾಗುವುದು ‘ಗಾನ್ ವಿತ್ ದ ವಿಂಡ್’ನ ಮೆಲನಿ. ಇಲ್ಲವೇ ನಾಯಕ ನಟ ಎರಲ್ ಫ್ಲಿನ್‌ನ ಕತ್ತಿವರಸೆ ಮುಗಿಯುವ ತನಕ ಕಾದು ನಿಲ್ಲುವ ಚೆಲುವೆ. ಆದರೆ ಅವರ ಕಸುಬಿನ ನಿಜವಾದ ಎತ್ತರ ಕಾಣುವುದು 1946ರಿಂದ 1949ರವರೆಗಿನ ನಾಲ್ಕೇ ವರ್ಷಗಳಲ್ಲಿ. ಅದಕ್ಕೂ ಮುಂಚೆ ಪ್ರತಿಭೆ ಇರಲಿಲ್ಲವೆಂದಲ್ಲ, ಪಾತ್ರ ಆರಿಸುವ ಹಕ್ಕು ಅವರ ಕೈಯಲ್ಲಿರಲಿಲ್ಲ. ಅದು ಕೈಗೆ ಬಂದದ್ದು ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ ಒಂದು ಸಾಲಿನಿಂದ. ಹಾಗಾಗಿ ಈ ನಟಿಯ ಬದುಕು ಅರ್ಥವಾಗಬೇಕಾದರೆ ಚಿತ್ರಗಳ ಪಟ್ಟಿಗಿಂತ ಮೊದಲು ಕರಾರಿನ ಪತ್ರವನ್ನು ಓದಬೇಕು.

ಟೋಕಿಯೊದಿಂದ ಬರ್ಬ್ಯಾಂಕ್‌ಗೆ

ಹುಟ್ಟಿದ್ದು 1916ರ ಜುಲೈ 1ರಂದು, ಟೋಕಿಯೊದಲ್ಲಿ. ತಂದೆ ತಾಯಿ ಇಂಗ್ಲಿಷರು. ತಂದೆ ವಾಲ್ಟರ್ ಅಲ್ಲಿ ಪೇಟೆಂಟ್ ವಕೀಲರು, ತಾಯಿ ಲಿಲಿಯನ್ ರಂಗಭೂಮಿಯಲ್ಲಿ ಪಳಗಿದವರು. ಮುಂದಿನ ವರ್ಷ ತಂಗಿ ಜೋನ್ ಹುಟ್ಟಿದಳು. 1919ರಲ್ಲಿ ತಾಯಿ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದು, ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣಕ್ಕಿರುವ ಸಾರಾಟೋಗ ಎಂಬ ಚಿಕ್ಕ ಊರಲ್ಲಿ ನೆಲೆ ನಿಂತರು. ಆಮೇಲೆ ಜಾರ್ಜ್ ಫಾಂಟೇನ್ ಎಂಬವರನ್ನು ಮದುವೆಯಾದರು. ಜೋನ್ ಚಿತ್ರರಂಗಕ್ಕೆ ಬಂದಾಗ ಇಟ್ಟುಕೊಂಡದ್ದು ಆ ಮಲತಂದೆಯ ಹೆಸರನ್ನೇ. ಅಕ್ಕತಂಗಿಯರಿಬ್ಬರೂ ಪ್ರಮುಖ ಪಾತ್ರಕ್ಕೆ ಆಸ್ಕರ್ ಗೆದ್ದ ಉದಾಹರಣೆ ಇವರದೊಂದೇ. ಅವರ ಜಗಳದ ಬಗ್ಗೆ ಪತ್ರಿಕೆಗಳು ಅರ್ಧ ಶತಮಾನ ಬರೆದವು; ಕರಾರಿನ ವಿಷಯಕ್ಕೆ ಅದು ಬೇಡ, ಬಿಡೋಣ.

1934ರಲ್ಲಿ ಆಸ್ಟ್ರಿಯಾದ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ಶೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ಆಡಿಸಲು ಬಂದರು. ಅದರ ಹರ್ಮಿಯಾ ಪಾತ್ರಕ್ಕೆ ಒಲಿವಿಯಾ ಬದಲಿ ನಟಿ. ಮುಖ್ಯ ನಟಿ ಗ್ಲೋರಿಯಾ ಸ್ಟೂವರ್ಟ್ ಚಿತ್ರವೊಂದರ ಶೂಟಿಂಗಿಗೆ ಹೋಗಬೇಕಾಗಿ ಬಂದು, ಪಾತ್ರ ಇವರ ಪಾಲಾಯಿತು. ಮಿಲ್ಸ್ ಕಾಲೇಜು ಸೇರಿ ಶಿಕ್ಷಕಿಯಾಗುವ ಯೋಚನೆಯಲ್ಲಿದ್ದ ಹುಡುಗಿ ಅದೇ ನವೆಂಬರಿನಲ್ಲಿ, ಬರ್ಬ್ಯಾಂಕ್‌ನಲ್ಲಿದ್ದ ವಾರ್ನರ್ ಸ್ಟುಡಿಯೊ ಜೊತೆ ವಾರಕ್ಕೆ 200 ಡಾಲರ್ ಸಂಬಳದಿಂದ ಶುರುವಾಗುವ ಐದು ವರ್ಷದ ಕರಾರಿಗೆ ಸಹಿ ಹಾಕಿದಳು. 1935ರ ಕೊನೆಗೆ ‘ಕ್ಯಾಪ್ಟನ್ ಬ್ಲಡ್’ ಬಂತು. ಅವರೂ ಗೆದ್ದರು, ಜೊತೆಗಿದ್ದ ಅಪರಿಚಿತ ಎರಲ್ ಫ್ಲಿನ್ನೂ ಗೆದ್ದ. ಗೆದ್ದ ನಟಿಯನ್ನು ಸ್ಟುಡಿಯೊ ಹಳೆಯ ದರದಲ್ಲಿ ಬಿಡುವುದೂ ಇಲ್ಲ, ಹಳೆಯ ಅವಧಿಯಲ್ಲಿ ಬಿಡುವುದೂ ಇಲ್ಲ. 1936ರ ಏಪ್ರಿಲ್‌ನಲ್ಲಿ ಹೊಸ ಕರಾರು ತಯಾರಾಯಿತು: ಆರಂಭಕ್ಕೆ ವಾರಕ್ಕೆ 500 ಡಾಲರ್, ಅವಧಿ ಏಳು ವರ್ಷ. ಜಗಳವೆಲ್ಲ ಈ ಪತ್ರದ ಮೇಲೆಯೇ.

ಕರಾರಿನ ಒಳಗೆ

‘ಏಳು ವರ್ಷದ ಕರಾರು’ ಎಂದರೆ ಏಳು ವರ್ಷದ ಕೆಲಸದ ಭರವಸೆ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಖಾತ್ರಿ ಇದ್ದದ್ದು ಮೊದಲ 52 ವಾರಕ್ಕೆ ಮಾತ್ರ. ಅದರ ಮೇಲೆ ತಲಾ 52 ವಾರದ ಆರು ಆಪ್ಷನ್‌ಗಳು. ಪ್ರತಿ ವರ್ಷದ ಕೊನೆಗೆ, ಈ ನಟಿಯನ್ನು ಮುಂದುವರಿಸೋಣವೇ ಬೇಡವೇ ಎಂದು ತೀರ್ಮಾನಿಸುವ ಅಧಿಕಾರ ಸ್ಟುಡಿಯೊಗೆ ಮಾತ್ರ. ನಟಿ ಸೋತರೆ ವರ್ಷದ ಕೊನೆಗೆ ಕೈಬಿಡಬಹುದು. ಗೆದ್ದರೆ ಮೊದಲೇ ಬರೆದಿಟ್ಟ, ಸ್ವಲ್ಪ ಮೇಲೇರಿದ ಸಂಬಳಕ್ಕೆ ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳಬಹುದು. ಬಿಟ್ಟುಹೋಗುವ ಆಪ್ಷನ್ ನಟಿಗಿಲ್ಲ. ಒಂದೇ ಬಾಗಿಲು, ಚಿಲಕ ಹೊರಗಡೆ.

ವಾರದ ಸಂಬಳವನ್ನು 52ರಿಂದ ಗುಣಿಸಿ ವರ್ಷದ ಆದಾಯ ಲೆಕ್ಕ ಹಾಕಿದರೂ ತಪ್ಪಾಗುತ್ತದೆ. ಆ ಕಾಲದ ಸ್ಟುಡಿಯೊ ಕರಾರುಗಳಲ್ಲಿ ಸಾಮಾನ್ಯವಾಗಿ 52 ವಾರಕ್ಕೆ 40 ವಾರದ ಸಂಬಳವಷ್ಟೇ ಖಾತ್ರಿ. ಉಳಿದ 12 ವಾರ ಲೇಆಫ್: ಸಂಬಳವಿಲ್ಲ, ಆದರೆ ಬೇರೆ ಕಡೆ ಕೆಲಸ ಮಾಡುವಂತೆಯೂ ಇಲ್ಲ. ವಾರಕ್ಕೆ 500 ಎಂದರೆ ಖಾತ್ರಿಯ ಲೆಕ್ಕದಲ್ಲಿ ವರ್ಷಕ್ಕೆ 20,000 ಡಾಲರ್. ಅಂದಿನ ಸಾಮಾನ್ಯ ಅಮೆರಿಕನ್ನರಿಗೆ ಅದು ಕನಸಿನ ಮೊತ್ತ, ನಿಜ. ಆದರೆ ನಟಿಯ ಹೆಸರಿನ ಮೇಲೆ ಸ್ಟುಡಿಯೊ ದುಡಿದುಕೊಳ್ಳುತ್ತಿದ್ದುದಕ್ಕೆ ಹೋಲಿಸಿದರೆ ಚಿಲ್ಲರೆ.

ಪಾತ್ರವನ್ನು ಆರಿಸುವುದು ಸ್ಟುಡಿಯೊ. ನಟಿ ಒಪ್ಪದಿದ್ದರೆ ಸಸ್ಪೆನ್ಷನ್. ಇದರ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ವಾರಕ್ಕೆ 1,000 ಡಾಲರಿನ ನಟಿಯೊಬ್ಬಳಿಗೆ ಒಂದು ಚಿತ್ರಕಥೆ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅವಳು ಬೇಡವೆನ್ನುತ್ತಾಳೆ. ಅದೇ ಪಾತ್ರ ಇನ್ನೊಬ್ಬಳಿಗೆ ಹೋಗಿ, ಶೂಟಿಂಗ್ ಮುಗಿಯಲು ಒಂಬತ್ತು ವಾರ ಹಿಡಿಯುತ್ತದೆ. ಆ ಒಂಬತ್ತು ವಾರ ಮೊದಲನೆಯವಳಿಗೆ ಸಂಬಳ ಇಲ್ಲ. ಕೈಬಿಟ್ಟುಹೋದದ್ದು 9,000 ಡಾಲರ್. ಆ ವಾರಗಳಲ್ಲಿ ಬೇರೆ ಸ್ಟುಡಿಯೊಗೆ, ರಂಗಭೂಮಿಗೆ, ರೇಡಿಯೊಗೆ ಹೋಗುವಂತಿಲ್ಲ. ಇಷ್ಟಾದ ಮೇಲೂ ಲೆಕ್ಕ ತೀರುವುದಿಲ್ಲ. ಅವೇ ಒಂಬತ್ತು ವಾರ ಕರಾರಿನ ಕೊನೆಗೆ ಹೋಗಿ ಅಂಟಿಕೊಳ್ಳುತ್ತವೆ. ಬೇಡವೆಂದದ್ದಕ್ಕೆ ಒಂದು ದಂಡ ಇವತ್ತು, ಇನ್ನೊಂದು ಏಳು ವರ್ಷದ ನಂತರ.

ಈ ಎರಡನೆಯ ದಂಡದ ಒಳಗೇ ಬಲೆ ಇರುವುದು. ಒಂದು ಪಾತ್ರ ನಿರಾಕರಿಸಿದರೆ ಅವಧಿ ಬೆಳೆಯುತ್ತದೆ. ಬೆಳೆದ ಅವಧಿಯಲ್ಲಿ ಇನ್ನೊಂದು ಕೆಟ್ಟ ಪಾತ್ರ ಬರುತ್ತದೆ, ಅದನ್ನು ನಿರಾಕರಿಸಿದರೆ ಮತ್ತೆ ಬೆಳೆಯುತ್ತದೆ. ಕಾಗದದ ಮೇಲೆ ಈ ಕರಾರಿಗೆ ಕೊನೆಯೇ ಇಲ್ಲ. ಬುದ್ಧಿವಂತ ಸ್ಟುಡಿಯೊ, ನಟಿ ಒಪ್ಪಲಾರಳೆಂದು ಗೊತ್ತಿರುವ ಚಿತ್ರಕಥೆಯನ್ನೇ ಕಳಿಸಿ ಸಂಬಳವನ್ನೂ ಉಳಿಸಬಹುದು, ಅವಧಿಯನ್ನೂ ಎಳೆಯಬಹುದು.

ಇನ್ನೊಂದು ಕಲಮು ಲೋನ್-ಔಟ್, ಅಂದರೆ ನಟಿಯನ್ನು ಬೇರೆ ಸ್ಟುಡಿಯೊಗೆ ಎರವಲು ಕೊಡುವುದು. ಎರವಲು ಪಡೆದವರು ದುಡ್ಡು ಕೊಡುವುದು ಸ್ಟುಡಿಯೊಗೆ. ನಟಿಗೆ ಸಿಗುವುದು ಅದೇ ವಾರದ ಸಂಬಳ. ನಡುವಿನ ವ್ಯತ್ಯಾಸ ಸ್ಟುಡಿಯೊ ಜೇಬಿಗೆ. ಕೆಲವೊಮ್ಮೆ ದುಡ್ಡಿನ ಬದಲು ನಟರನ್ನೇ ಅದಲುಬದಲು ಮಾಡಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಇದ್ದೂ ನಟಿ ಎದ್ದುಹೋದರೆ ಏನು ಮಾಡುತ್ತಾರೆ? ಕ್ಯಾಮೆರಾ ಮುಂದೆ ನಿಂತು ನಟಿಸು ಎಂದು ಯಾವ ಕೋರ್ಟೂ ಆದೇಶಿಸುವುದಿಲ್ಲ. ಆದರೆ ಬೇರೆಲ್ಲೂ ನಟಿಸಬೇಡ ಎಂದು ತಡೆಯಾಜ್ಞೆ ಕೊಡಬಹುದು. ಸೇವೆ ಅಸಾಮಾನ್ಯ ಬಗೆಯದಾಗಿದ್ದು, ಕರಾರಿನ ಪ್ರಕಾರ ವರ್ಷಕ್ಕೆ ಕನಿಷ್ಠ 6,000 ಡಾಲರ್ ಸಿಗುವಂತಿದ್ದರೆ ಇಂಥ ತಡೆಯಾಜ್ಞೆಗೆ ಕ್ಯಾಲಿಫೋರ್ನಿಯಾ ಕಾನೂನು ಅವಕಾಶ ಕೊಟ್ಟಿತ್ತು. ತಾರೆಯರೆಲ್ಲ ಆ ಗೆರೆಯ ಮೇಲೆಯೇ ಇದ್ದರು. ಕರಾರಿನ ಹಲ್ಲು ಎಂದರೆ ಈ ತಡೆಯಾಜ್ಞೆ.

ಎರವಲಿನ ಮೆಲನಿ

ವಾರ್ನರ್‌ನಲ್ಲಿ ಒಲಿವಿಯಾ ಫ್ಲಿನ್ ಜೊತೆ ಎಂಟು ಚಿತ್ರ ಮಾಡಿದರು. ಅವುಗಳಲ್ಲಿ 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಇಂದಿಗೂ ಹೊಳಪು ಕಳೆದುಕೊಂಡಿಲ್ಲ. 1936ರ ‘ದ ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್’ನ ಮೊದಲರ್ಧ ಭಾರತದಲ್ಲಿ ನಡೆಯುತ್ತದೆ, ಅಲ್ಲಿಯ ಸುರಿಸ್ತಾನ ಮಾತ್ರ ಯಾವ ನಕಾಶೆಯಲ್ಲೂ ಇಲ್ಲ. ಇವುಗಳಲ್ಲೆಲ್ಲ ನಾಯಕಿಯ ಕೆಲಸ ಹೆಚ್ಚುಕಡಿಮೆ ಒಂದೇ: ಮೊದಲು ಮುನಿಸು, ಆಮೇಲೆ ಒಲವು, ಕೊನೆಗೆ ಕಿಟಕಿಯಲ್ಲಿ ಕಾಯುವುದು. ವಾರ್ನರ್ ಗಂಡಸರ ಸ್ಟುಡಿಯೊ. ಹೆಂಗಸರಿಗೆ ಬರೆದ ಒಳ್ಳೆಯ ಪಾತ್ರಗಳು ಅಲ್ಲಿ ಇನ್ನೊಬ್ಬ ತಾರೆ ಬೆಟ್ಟಿ ಡೇವಿಸ್ ಮನೆಯ ದಾರಿ ಹಿಡಿಯುತ್ತಿದ್ದವು.

ಹೀಗಿರುವಾಗ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ‘ಗಾನ್ ವಿತ್ ದ ವಿಂಡ್’ನ ಮೆಲನಿ ಪಾತ್ರಕ್ಕೆ ಒಲಿವಿಯಾ ಬೇಕೆಂದರು. ವಾರ್ನರ್ ಸ್ಟುಡಿಯೊ ಮುಖ್ಯಸ್ಥ ಜಾಕ್ ವಾರ್ನರ್ ಒಪ್ಪಲಿಲ್ಲ. ಅಲ್ಲಿಗೆ ಹೋಗಿ ಬಂದವಳು ಆಮೇಲೆ ಹೇಳಿದ ಮಾತು ಕೇಳುವುದಿಲ್ಲ ಎಂಬ ಅವರ ಅಂಜಿಕೆ ನಿಜವೇ ಆಯಿತು ಅನ್ನಿ. ಒಲಿವಿಯಾ ಜಾಕ್‌ರ ಹೆಂಡತಿ ಆನ್ ವಾರ್ನರ್‌ರನ್ನು ಬೆವರ್ಲಿ ಹಿಲ್ಸ್‌ನ ಬ್ರೌನ್ ಡರ್ಬಿ ಹೋಟೆಲಿಗೆ ಚಹಾಕ್ಕೆ ಕರೆದು, ಈ ಪಾತ್ರ ತನಗೆ ಯಾಕೆ ಬೇಕೆಂದು ಹೇಳಿಕೊಂಡರು. ಮನೆಯೊಳಗಿನ ಮಾತು ಆಫೀಸಿನ ಮಾತನ್ನು ಗೆದ್ದಿತು. ಎರವಲಿಗೆ ಬದಲಾಗಿ ವಾರ್ನರ್‌ಗೆ ನಟ ಜೇಮ್ಸ್ ಸ್ಟೂವರ್ಟ್‌ರನ್ನು ಒಂದು ಚಿತ್ರಕ್ಕೆ ಬಳಸಿಕೊಳ್ಳುವ ಹಕ್ಕು ಸಿಕ್ಕಿತು.

ಮೆಲನಿ ಪಾತ್ರಕ್ಕೆ ಪೋಷಕ ನಟಿ ವಿಭಾಗದಲ್ಲಿ ಹೆಸರು ಹೋಯಿತು. ಆ ಪ್ರಶಸ್ತಿಯನ್ನು ಅದೇ ಚಿತ್ರದ ಹ್ಯಾಟಿ ಮೆಕ್‌ಡೇನಿಯಲ್ ಪಡೆದು, ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆಯಾದರು. ಒಲಿವಿಯಾ ವಾರ್ನರ್‌ಗೆ ಮರಳಿ ಬಂದರೆ, ಕಾದಿದ್ದದ್ದು ಬೆಟ್ಟಿ ಡೇವಿಸ್ ರಾಣಿ ಎಲಿಜಬೆತ್ ಆಗಿರುವ ಚಿತ್ರದಲ್ಲಿ ಪಕ್ಕದ ಪಾತ್ರ. 1941ರಲ್ಲಿ ಪ್ಯಾರಮೌಂಟ್‌ಗೆ ಎರವಲು ಹೋಗಿ ಮಾಡಿದ ‘ಹೋಲ್ಡ್ ಬ್ಯಾಕ್ ದ ಡಾನ್’ ಚಿತ್ರಕ್ಕೆ ಶ್ರೇಷ್ಠ ನಟಿಯ ನಾಮನಿರ್ದೇಶನ ಬಂತು. ಆ ವರ್ಷ ಗೆದ್ದದ್ದು ತಂಗಿ ಜೋನ್ ಫಾಂಟೇನ್. ಒಟ್ಟಾರೆ ಪಾಠ ಒಲಿವಿಯಾಗೆ ಸ್ಪಷ್ಟವಾಗಿತ್ತು: ಹೊರಗೆ ಹೋದಾಗ ಪಾತ್ರ, ಮನೆಗೆ ಬಂದಾಗ ಕಿಟಕಿ. ಅವರು ಚಿತ್ರಕಥೆಗಳನ್ನು ವಾಪಸು ಕಳಿಸತೊಡಗಿದರು, ಸಸ್ಪೆನ್ಷನ್‌ಗಳು ಸಾಲುಗಟ್ಟಿದವು.

ಡೇವಿಸ್ ಸೋತದ್ದೆಲ್ಲಿ, ಒಲಿವಿಯಾ ಗೆದ್ದದ್ದೆಲ್ಲಿ

ವಾರ್ನರ್ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಒಲಿವಿಯಾ ಮೊದಲಿಗರಲ್ಲ. 1936ರಲ್ಲಿ ಬೆಟ್ಟಿ ಡೇವಿಸ್ ಕೊಟ್ಟ ಪಾತ್ರಗಳಿಂದ ಬೇಸತ್ತು ಕರಾರು ಮುರಿದು, ಇಂಗ್ಲೆಂಡಿಗೆ ಹೋಗಿ ಬೇರೆ ನಿರ್ಮಾಪಕರ ಚಿತ್ರಕ್ಕೆ ಒಪ್ಪಿಕೊಂಡರು. ವಾರ್ನರ್ ಲಂಡನ್ನಿನಲ್ಲೇ ದಾವೆ ಹೂಡಿ ತಡೆಯಾಜ್ಞೆ ತಂದಿತು. ಡೇವಿಸ್ ಸೋತು ಬರ್ಬ್ಯಾಂಕ್‌ಗೆ ವಾಪಸಾದರು. ಸೋತವರಿಗೆ ಆಮೇಲೆ ಒಳ್ಳೆಯ ಪಾತ್ರಗಳೇ ಸಿಕ್ಕವು ಎಂಬುದು ಈ ಕಥೆಯ ವಿಚಿತ್ರ. ಆದರೂ ಕಾನೂನಿನ ಮಟ್ಟಿಗೆ ಅದು ಪೂರ್ತಿ ಸೋಲು.

ಎರಡು ಮೊಕದ್ದಮೆಗಳ ವ್ಯತ್ಯಾಸ ಧೈರ್ಯದಲ್ಲಿಲ್ಲ, ತಾರೀಖಿನಲ್ಲಿದೆ. ಡೇವಿಸ್ ಹೊರಟದ್ದು ಕರಾರಿನ ಅವಧಿಯ ನಡುವೆ. ಅವರು ಕೋರ್ಟಿಗೆ ಹೇಳಬೇಕಾಗಿದ್ದದ್ದು, ಈ ಕರಾರೇ ಗುಲಾಮಗಿರಿ ಎಂದು. ಅಷ್ಟು ಸಂಬಳ ಪಡೆಯುವ ತಾರೆಯ ಬಾಯಲ್ಲಿ ಈ ವಾದವನ್ನು ನ್ಯಾಯಾಧೀಶರು ನಂಬುವುದು ಕಷ್ಟ. ಒಲಿವಿಯಾ ಏಳು ವರ್ಷ ಮುಗಿಯುವವರೆಗೆ ಕಾದರು. ಅವರು ಕರಾರನ್ನು ಮುರಿಯಲಿಲ್ಲ. ಅದು ಮುಗಿದಿದೆ ಎಂದರು.

ಅವರ ವಕೀಲ ಮಾರ್ಟಿನ್ ಗ್ಯಾಂಗ್ ಕಪಾಟಿನಿಂದ ತೆಗೆದದ್ದು ಕ್ಯಾಲಿಫೋರ್ನಿಯಾ ಕಾರ್ಮಿಕ ಸಂಹಿತೆಯ 2855ನೇ ಕಲಮನ್ನು. ಅದರ ಸಾರ ಇಷ್ಟು: ವೈಯಕ್ತಿಕ ಸೇವೆಯ ಕರಾರನ್ನು, ಸೇವೆ ಆರಂಭವಾಗಿ ಏಳು ವರ್ಷ ದಾಟಿದ ಮೇಲೆ, ನೌಕರನ ವಿರುದ್ಧ ಜಾರಿ ಮಾಡುವಂತಿಲ್ಲ. ಈ ಮಿತಿ ಹೊಸದಲ್ಲ. 1872ರ ಸಿವಿಲ್ ಸಂಹಿತೆಯಲ್ಲೇ ಅದು ಎರಡು ವರ್ಷವಿತ್ತು. ಆಮೇಲೆ ಐದಾಯಿತು, 1931ರಲ್ಲಿ ಏಳಾಯಿತು. 1937ರಲ್ಲಿ ಕಾರ್ಮಿಕ ಸಂಹಿತೆಗೆ ಬಂತು. ಅಂದರೆ ಒಲಿವಿಯಾ ಪ್ರಕರಣದಿಂದಲೇ ಏಳು ವರ್ಷದ ಮಿತಿ ಬಂತು ಎಂಬುದು ತಪ್ಪು ತಿಳಿವಳಿಕೆ. ಮಿತಿ ಇತ್ತು. ಸಸ್ಪೆನ್ಷನ್ ವಾರಗಳ ನೆಪದಲ್ಲಿ ಸ್ಟುಡಿಯೊಗಳು ಅದನ್ನು ದಾಟಿಕೊಂಡು ಹೋಗುತ್ತಿದ್ದವು, ಯಾರೂ ಕೇಳಿರಲಿಲ್ಲ.

‘ನೌಕರನ ವಿರುದ್ಧ’ ಎಂಬ ಪದಗಳನ್ನು ಗಮನಿಸಬೇಕು. ಏಳು ವರ್ಷ ದಾಟಿದ ಕರಾರು ತಾನಾಗಿ ಸಾಯುವುದಿಲ್ಲ. ನೌಕರ ಇಷ್ಟಪಟ್ಟರೆ ಮುಂದುವರಿಯಬಹುದು. ಬಲವಂತ ಮಾಡುವ ಶಕ್ತಿಯನ್ನಷ್ಟೇ ಕಾನೂನು ಕಿತ್ತುಕೊಳ್ಳುತ್ತದೆ.

1943ರ ಆಗಸ್ಟ್‌ನಲ್ಲಿ ದಾವೆ ಹೂಡಿದ್ದು ಒಲಿವಿಯಾ. ಸ್ಟುಡಿಯೊ ತನ್ನ ಮೇಲೆ ಕೇಸು ಹಾಕಲಿ ಎಂದು ಕಾಯದೆ, ತಾವೇ ಮುಂದಾಗಿ ಘೋಷಣಾತ್ಮಕ ಪರಿಹಾರ ಕೇಳಿದರು. ಅಂದರೆ ನಷ್ಟ ಪರಿಹಾರದ ದುಡ್ಡಲ್ಲ. ಈ ಕರಾರು ಈಗ ನನ್ನನ್ನು ಕಟ್ಟಿಹಾಕುತ್ತದೆಯೋ ಇಲ್ಲವೋ, ಹೇಳಿಬಿಡಿ ಎಂಬ ಬೇಡಿಕೆ. ಇದರಿಂದ ಎರಡು ಲಾಭವಾಯಿತು. ಕರಾರು ಮುರಿದ ಆರೋಪಿಯಾಗಿ ನಿಲ್ಲುವ ಬದಲು ಪ್ರಶ್ನೆ ಕೇಳುವವರಾಗಿ ಕೋರ್ಟಿಗೆ ಬಂದರು. ಪ್ರಶ್ನೆಯನ್ನು ಪಾತ್ರಗಳ ಗುಣಮಟ್ಟದಿಂದ ದೂರ ತಂದು ಒಂದು ಕಲಮಿನ ಅರ್ಥಕ್ಕೆ ಕಟ್ಟಿಹಾಕಿದರು.

ವಾರ್ನರ್ ವಕೀಲರು ಮುಖ್ಯವಾಗಿ ಮೂರು ವಾದ ಹಿಡಿದರು. ಮೊದಲನೆಯದು, ಏಳು ವರ್ಷ ಎಂದರೆ ನಿಜವಾಗಿ ದುಡಿದ ಏಳು ವರ್ಷ, ಮನೆಯಲ್ಲಿ ಕೂತ ವಾರಗಳು ಲೆಕ್ಕಕ್ಕಿಲ್ಲ. ಎರಡನೆಯದು, ಸಸ್ಪೆನ್ಷನ್‌ಗೆ ಕಾರಣ ಒಲಿವಿಯಾ ಅವರೇ. ತಮ್ಮ ತಪ್ಪಿನ ಲಾಭ ತಾವೇ ಪಡೆಯುವಂತಿಲ್ಲ. ಮೂರನೆಯದು, ಅವಧಿ ವಿಸ್ತರಣೆಯ ಕಲಮಿಗೆ ಅವರು ತಿಳಿದೇ ಸಹಿ ಹಾಕಿದ್ದಾರೆ, ಹಾಗಾಗಿ ಕಾನೂನಿನ ರಕ್ಷಣೆಯನ್ನು ಬಿಟ್ಟುಕೊಟ್ಟಂತೆ.

ಕೆಳಗಿನ ಕೋರ್ಟು ಒಲಿವಿಯಾ ಪರ ನಿಂತಿತು, ವಾರ್ನರ್ ಮೇಲ್ಮನವಿ ಹೋಯಿತು. 1944ರ ಡಿಸೆಂಬರ್ 8ರಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು; ಬರೆದವರು ನ್ಯಾಯಮೂರ್ತಿ ಶಿನ್. ಕಾನೂನಿನಲ್ಲಿ ಏಳು ವರ್ಷ ಎಂದಿದೆ, ಅದು ಕ್ಯಾಲೆಂಡರಿನ ಏಳು ವರ್ಷ ಎಂದರು. ದುಡಿದ ದಿನಗಳನ್ನೇ ಎಣಿಸುತ್ತಾ ಹೋದರೆ ಮಿತಿಗೇ ಅರ್ಥವಿಲ್ಲ. ಏಳು ವರ್ಷದ ನಂತರ ಯಜಮಾನನನ್ನಾಗಲಿ ಕಸುಬನ್ನಾಗಲಿ ಬದಲಿಸಿಕೊಳ್ಳುವ ಸ್ವಾತಂತ್ರ್ಯ ದುಡಿಯುವವನಿಗೆ ಇರಬೇಕು ಎಂಬುದೇ ಈ ಕಾನೂನಿನ ಉದ್ದೇಶ. ಮೂರನೆಯ ವಾದಕ್ಕೆ ಉತ್ತರ ಇನ್ನೂ ಮುಖ್ಯ. ಕ್ಯಾಲಿಫೋರ್ನಿಯಾದ ಸಿವಿಲ್ ಸಂಹಿತೆಯ 3513ನೇ ಕಲಮಿನಂತೆ, ತನ್ನೊಬ್ಬನ ಅನುಕೂಲಕ್ಕಿರುವ ಹಕ್ಕನ್ನು ಯಾರಾದರೂ ಬಿಟ್ಟುಕೊಡಬಹುದು. ಸಾರ್ವಜನಿಕ ಹಿತಕ್ಕಾಗಿ ಮಾಡಿದ ಕಾನೂನನ್ನು ಖಾಸಗಿ ಸಹಿಯಿಂದ ಅಳಿಸಲಾಗದು. ಏಳು ವರ್ಷದ ಮಿತಿ ಎರಡನೆಯ ಬಗೆಯದು ಎಂದು ಕೋರ್ಟು ಹೇಳಿತು. ಈ ಮಾತು ಇಲ್ಲದಿದ್ದರೆ ಮರುದಿನವೇ ಎಲ್ಲ ಸ್ಟುಡಿಯೊಗಳೂ ಕರಾರಿನಲ್ಲಿ ಇನ್ನೊಂದು ಸಾಲು ಸೇರಿಸಿ, 2855ನೇ ಕಲಮಿನ ಹಕ್ಕು ನನಗೆ ಬೇಡ ಎಂದು ಬರೆಸಿಕೊಳ್ಳುತ್ತಿದ್ದವು. ರಾಜ್ಯದ ಸುಪ್ರೀಂ ಕೋರ್ಟು 1945ರ ಆರಂಭದಲ್ಲಿ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಳ್ಳಲು ಒಪ್ಪದೆ ವಿಷಯ ಮುಗಿಸಿತು.

ಮೊಕದ್ದಮೆಯ ಖರ್ಚು ಸುಮಾರು 13,000 ಡಾಲರ್. ಅದಕ್ಕಿಂತ ದೊಡ್ಡ ಖರ್ಚು ಕೆಲಸವಿಲ್ಲದೆ ಕಳೆದ ಸುಮಾರು ಎರಡು ವರ್ಷ. ಈ ನಟಿ ಇನ್ನೂ ನಮ್ಮ ಕರಾರಿನಲ್ಲಿದ್ದಾಳೆ, ಕೆಲಸ ಕೊಟ್ಟೀರಿ ಜೋಕೆ ಎಂದು ಜಾಕ್ ವಾರ್ನರ್ ಊರಿನ ಸ್ಟುಡಿಯೊಗಳಿಗೆಲ್ಲ ಬರೆದಿದ್ದರು. ಆ ಹೊತ್ತಿನಲ್ಲಿ ಒಲಿವಿಯಾ ಅಲ್ಯೂಶಿಯನ್ ದ್ವೀಪಗಳಿಂದ ದಕ್ಷಿಣ ಪೆಸಿಫಿಕ್‌ವರೆಗೆ ಯುದ್ಧದ ಆಸ್ಪತ್ರೆಗಳನ್ನು ಸುತ್ತಿ ಗಾಯಾಳು ಸೈನಿಕರನ್ನು ಕಂಡು ಬಂದರು, ಫಿಜಿಯಲ್ಲಿ ನ್ಯುಮೋನಿಯಾ ಹಿಡಿದು ಮಲಗಿದರು. ತೆರೆಯಿಂದ ದೂರವಿದ್ದ ನಟಿಯನ್ನು ಜನ ಮರೆಯುತ್ತಾರೆ ಎಂಬುದೇ ಸ್ಟುಡಿಯೊಗಳ ಕೊನೆಯ ಅಸ್ತ್ರ. ಹೆಚ್ಚಿನವರು ಕೋರ್ಟಿಗೆ ಹೋಗದೆ ರಾಜಿಯಾಗುತ್ತಿದ್ದುದೂ ಇದರಿಂದಲೇ.

ಕೈಗೆ ಬಂದ ಆಯ್ಕೆ

ಬಿಡುಗಡೆಯಾದ ಮೇಲೆ ಅವರು ಆರಿಸಿಕೊಂಡ ಪಾತ್ರಗಳನ್ನು ನೋಡಿದರೆ, ವಾರ್ನರ್‌ನಲ್ಲಿ ಏನು ಸಿಗುತ್ತಿರಲಿಲ್ಲ ಎಂಬುದು ಗೊತ್ತಾಗುತ್ತದೆ. ಪ್ಯಾರಮೌಂಟ್‌ನ ‘ಟು ಈಚ್ ಹಿಸ್ ಓನ್’ (1946) ಮದುವೆಯಿಲ್ಲದೆ ತಾಯಾದ ಹೆಣ್ಣೊಬ್ಬಳು ಮಗನನ್ನು ಕಳೆದುಕೊಂಡು, ದೂರದಿಂದ ಅವನನ್ನು ಹಿಂಬಾಲಿಸುವ ಕಥೆ. ಚಿಕ್ಕ ಊರಿನ ಹುಡುಗಿಯಿಂದ ಯುದ್ಧಕಾಲದ ಲಂಡನ್ನಿನಲ್ಲಿರುವ ಬಿಗಿ ಮುಖದ ನಡುವಯಸ್ಸಿನ ಹೆಂಗಸಿನವರೆಗೆ ಬೆಳೆಯಬೇಕಾದ ಪಾತ್ರ. ಮಿಚೆಲ್ ಲೈಸೆನ್ ಅವರೇ ನಿರ್ದೇಶಿಸಬೇಕೆಂದು ಒಲಿವಿಯಾ ಹಟ ಹಿಡಿದರು. ಮೂರು ವರ್ಷ ಹಿಂದೆ ಹೀಗೆ ನಿರ್ದೇಶಕರ ಹೆಸರು ಹೇಳಿದ್ದರೆ ಸಸ್ಪೆನ್ಷನ್ ಪತ್ರ ಬರುತ್ತಿತ್ತು. ಈಗ ಮೊದಲ ಆಸ್ಕರ್ ಬಂತು.

ಅದೇ ವರ್ಷದ ‘ದ ಡಾರ್ಕ್ ಮಿರರ್’ನಲ್ಲಿ ಅವಳಿ ಸೋದರಿಯರ ಎರಡೂ ಪಾತ್ರ. ಅಭಿನಯದ ಕಷ್ಟ ಇರುವುದು ಇಬ್ಬರನ್ನೂ ಬೇರೆ ಮಾಡಿ ತೋರಿಸುವುದರಲ್ಲಿ ಅಲ್ಲ; ಒಬ್ಬಳು ಇನ್ನೊಬ್ಬಳಂತೆ ನಟಿಸುವಾಗ ನೋಡುವವರಿಗೆ ಒಂದು ಎಳೆಯಷ್ಟು ಅನುಮಾನ ಉಳಿಸುವುದರಲ್ಲಿ. ‘ದ ಸ್ನೇಕ್ ಪಿಟ್’ (1948) ಮಾನಸಿಕ ಆಸ್ಪತ್ರೆ ಸೇರಿದ ಹೆಂಗಸಿನ ಕಥೆ. ಅದಕ್ಕಾಗಿ ನಿರ್ದೇಶಕ ಅನಾಟೊಲ್ ಲಿಟ್ವಾಕ್ ಜೊತೆ ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನೂ ಅಲ್ಲಿನ ಚಿಕಿತ್ಸೆಗಳನ್ನೂ ನೋಡಿ ಬಂದರು. ಚೆಲುವೆಯ ಮೇಕಪ್ಪೂ ಕೇಶಾಲಂಕಾರವೂ ಹೋದವು. ಬ್ರಿಟನ್ನಿನಲ್ಲಿ ಬಿಡುಗಡೆಯಾಗುವಾಗ, ನಮ್ಮ ಆಸ್ಪತ್ರೆಗಳು ಹೀಗಿಲ್ಲ ಎಂಬ ಅರ್ಥದ ಸೂಚನೆಯನ್ನು ಆರಂಭದಲ್ಲಿ ಸೇರಿಸಬೇಕೆಂದು ಸೆನ್ಸಾರ್ ಪಟ್ಟು ಹಿಡಿಯಿತು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೇಲಿರುವುದು ವಿಲಿಯಂ ವೈಲರ್ ನಿರ್ದೇಶನದ ‘ದಿ ಏರೆಸ್’ (1949). ನ್ಯೂಯಾರ್ಕಿನಲ್ಲಿ ನಾಟಕ ನೋಡಿ, ಇದನ್ನು ಚಿತ್ರ ಮಾಡೋಣ ಎಂದು ವೈಲರ್ ಬಳಿ ಹೋದವರು ಒಲಿವಿಯಾ ಅವರೇ. ಕ್ಯಾಥರಿನ್ ಸ್ಲೋಪರ್ ಶ್ರೀಮಂತ ವೈದ್ಯನ ಸಪ್ಪೆ ಮಗಳು. ಅವಳನ್ನು ಪ್ರೀತಿಸುವುದಾಗಿ ಹೇಳುವ ಯುವಕನಿಗೆ ಅವಳು ಬೇಕೋ ಆಸ್ತಿ ಬೇಕೋ ಎಂಬುದು ಪ್ರಶ್ನೆ. ಓಡಿಹೋಗಲು ಪೆಟ್ಟಿಗೆ ಕಟ್ಟಿಕೊಂಡು ರಾತ್ರಿಯೆಲ್ಲ ಕಾಯುತ್ತಾಳೆ, ಅವನು ಬರುವುದಿಲ್ಲ. ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಬೇಕು. ಮಾತಿಲ್ಲ.

ಈ ಮೆಟ್ಟಿಲು ಹತ್ತುವುದನ್ನು ವೈಲರ್ ಮತ್ತೆ ಮತ್ತೆ ಮಾಡಿಸಿದರು. ಏನು ತಪ್ಪಾಗುತ್ತಿದೆ ಎಂದು ಹೇಳದೆ ಟೇಕ್ ಮೇಲೆ ಟೇಕ್ ತೆಗೆಯುವುದು ಅವರ ಖ್ಯಾತ ಅಭ್ಯಾಸ. ಕೊನೆಗೆ ಒಲಿವಿಯಾ ಸಿಟ್ಟಿನಿಂದ ಪೆಟ್ಟಿಗೆಯನ್ನೇ ಎಸೆದರು ಎನ್ನುತ್ತಾರೆ. ಆಗ ವೈಲರ್‌ಗೆ ಹೊಳೆಯಿತು: ಪೆಟ್ಟಿಗೆ ಖಾಲಿ. ಪುಸ್ತಕಗಳನ್ನು ತುಂಬಿಸಿ ಮತ್ತೆ ಹತ್ತಿಸಿದರು. ಚಿತ್ರದಲ್ಲಿ ಈಗ ನೋಡಿದರೆ ಅದರ ಪರಿಣಾಮ ಮೈಯಲ್ಲೇ ಕಾಣುತ್ತದೆ. ಒಂದು ಹೆಗಲು ಇಳಿದಿದೆ, ಒಂದೊಂದು ಮೆಟ್ಟಿಲಿಗೂ ಮೈ ತಡವರಿಸುತ್ತದೆ. ಖಾಲಿ ಪೆಟ್ಟಿಗೆ ಹಿಡಿದು ಭಾರವನ್ನು ನಟಿಸುವಾಗ ಮುಖ ಹೆಚ್ಚು ಕೆಲಸ ಮಾಡುತ್ತದೆ, ಬೆನ್ನು ಕಡಿಮೆ. ಇಲ್ಲಿ ಮುಖ ಸುಮ್ಮನಿದೆ, ಬೆನ್ನೇ ಎಲ್ಲ ಹೇಳುತ್ತದೆ. ಎರಡನೆಯ ಆಸ್ಕರ್ ಈ ಚಿತ್ರಕ್ಕೆ.

ಪ್ಯಾರಿಸ್, ಮತ್ತು ಇನ್ನೊಂದು ಮೊಕದ್ದಮೆ

1950ರ ದಶಕದಲ್ಲಿ ವೇಗ ಇಳಿಯಿತು. ಮೊದಲ ಮದುವೆ ಮುರಿದ ಮೇಲೆ ಪ್ಯಾರಿಸಿಗೆ ಹೋಗಿ, 1955ರಲ್ಲಿ ಪತ್ರಕರ್ತ ಪಿಯರ್ ಗಲಾಂತ್‌ರನ್ನು ಮದುವೆಯಾಗಿ ಅಲ್ಲೇ ಉಳಿದರು. 1965ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷೆಯಾದ ಮೊದಲ ಮಹಿಳೆ ಎನಿಸಿಕೊಂಡರು. 2017ರಲ್ಲಿ ಬ್ರಿಟನ್ ಅವರಿಗೆ ಡೇಮ್ ಪದವಿ ಕೊಟ್ಟಿತು.

ಅದೇ ವರ್ಷ, 101ನೇ ಹುಟ್ಟುಹಬ್ಬದ ಹಿಂದಿನ ದಿನ, ಮತ್ತೆ ಕ್ಯಾಲಿಫೋರ್ನಿಯಾದ ಕೋರ್ಟು ಹತ್ತಿದರು. ನಟಿಯರಾದ ಬೆಟ್ಟಿ ಡೇವಿಸ್ ಮತ್ತು ಜೋನ್ ಕ್ರಾಫರ್ಡ್ ಜಗಳದ ಬಗ್ಗೆ ಎಫ್‌ಎಕ್ಸ್ ವಾಹಿನಿ ಮಾಡಿದ ‘ಫ್ಯೂಡ್’ ಧಾರಾವಾಹಿಯಲ್ಲಿ ತಮ್ಮನ್ನು ಕೇಳದೆಯೇ ಪಾತ್ರವಾಗಿಸಿ, ಆಡದ ಮಾತು ಆಡಿಸಿದ್ದಾರೆ ಎಂಬುದು ಆಕ್ಷೇಪ. ಈ ಸಲ ಸೋತರು. ಬದುಕಿರುವವರ ಮೇಲೆ ಕಥೆ ಕಟ್ಟುವುದಕ್ಕೂ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದು 2018ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 2019ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅರ್ಜಿಯನ್ನು ಪರಿಗಣಿಸಲಿಲ್ಲ. ಹೀಗಾಗಿ ಅದೇ ರಾಜ್ಯದ ಕಾನೂನು ಪುಸ್ತಕಗಳಲ್ಲಿ ಅವರ ಹೆಸರಿನ ಎರಡು ಪ್ರಕರಣಗಳಿವೆ: ಒಂದು ಕಲಾವಿದರ ಪರ, ಇನ್ನೊಂದು ಅವರ ಬಗ್ಗೆ ಕಥೆ ಕಟ್ಟುವವರ ಪರ. 2020ರ ಜುಲೈ 26ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು. 104 ವರ್ಷವಾಗಿತ್ತು.

ಆ ತೀರ್ಪು ಮಾಡಿದ್ದು, ಮಾಡದ್ದು

1944ರ ತೀರ್ಪೇ ಸ್ಟುಡಿಯೊ ವ್ಯವಸ್ಥೆಯನ್ನು ಉರುಳಿಸಿತು ಎಂದು ಬರೆಯುವವರಿದ್ದಾರೆ. ಅದು ಉತ್ಪ್ರೇಕ್ಷೆ. ಆಪ್ಷನ್ ಹಾಗೇ ಉಳಿಯಿತು, ಲೋನ್-ಔಟ್ ಉಳಿಯಿತು, ಸಂಬಳವಿಲ್ಲದ ಸಸ್ಪೆನ್ಷನ್ ಕೂಡ ಉಳಿಯಿತು. ನಿಂತದ್ದು ಒಂದೇ, ಸಸ್ಪೆನ್ಷನ್ ವಾರಗಳನ್ನು ಏಳು ವರ್ಷದ ಆಚೆಗೆ ಎಳೆಯುವುದು. ಯುದ್ಧಕ್ಕೆ ಹೋಗಿ ಬಂದ ನಟರ ಸೇನೆಯ ವರ್ಷಗಳನ್ನು ಕರಾರಿಗೆ ಸೇರಿಸಿಕೊಳ್ಳುವ ದಾರಿಯೂ ಇದರಿಂದ ಮುಚ್ಚಿತು. ಸ್ಟುಡಿಯೊಗಳಿಗೆ ದೊಡ್ಡ ಏಟು ಬಿದ್ದದ್ದು 1948ರಲ್ಲಿ, ಚಿತ್ರಮಂದಿರಗಳ ಸರಪಳಿಯನ್ನು ಕೈಬಿಡಬೇಕಾಗುವಂತೆ ಅಮೆರಿಕದ ಸುಪ್ರೀಂ ಕೋರ್ಟು ಪ್ಯಾರಮೌಂಟ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ. ಹಿಂದೆಯೇ ಟಿವಿ ಬಂತು. ಖಾತ್ರಿಯ ಮಾರುಕಟ್ಟೆ ಹೋದ ಮೇಲೆ ನೂರಾರು ಕಲಾವಿದರಿಗೆ ವಾರದ ಸಂಬಳ ಕೊಟ್ಟು ಸಾಕುವುದು ಸ್ಟುಡಿಯೊಗಳಿಗೇ ಹೊರೆಯಾಯಿತು.

ಆದರೆ 2855ನೇ ಕಲಮು ಹಾಲಿವುಡ್‌ನಲ್ಲಿ ‘ಡಿ ಹ್ಯಾವಿಲೆಂಡ್ ಕಾನೂನು’ ಎಂಬ ಹೆಸರಿನಲ್ಲಿ ಇಂದಿಗೂ ಜೀವಂತ. ಅದರ ಸುತ್ತ ಈಗ ನಡೆಯುವ ಜಗಳ ಬೇರೆ: ನಡುವೆ ಸಂಬಳ ಏರಿಸಿ ಕರಾರನ್ನು ಹೊಸದಾಗಿ ಬರೆದರೆ ಏಳು ವರ್ಷದ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆಯೇ? ಬಾಕ್ಸರ್ ಆಸ್ಕರ್ ಡಿ ಲಾ ಹೋಯಾ ಪ್ರಕರಣದಲ್ಲಿ 2001ರಲ್ಲಿ ಫೆಡರಲ್ ಕೋರ್ಟು, ಹಳೆಯ ಕರಾರಿನಿಂದ ನಿಜವಾಗಿ ಬಿಡುಗಡೆಯಾಗದೆ ಮಾಡಿಕೊಂಡ ಹೊಸ ಕರಾರಿನಿಂದ ಎಣಿಕೆ ಬದಲಾಗದು ಎಂದಿತು. ಸಂಗೀತ ಕಂಪನಿಗಳು 1987ರಲ್ಲೇ ಕಾನೂನಿಗೆ ತಿದ್ದುಪಡಿ ತರಿಸಿಕೊಂಡವು. ಏಳು ವರ್ಷ ಮುಗಿಸಿ ಹೊರಟ ಗಾಯಕ ಒಪ್ಪಿದಷ್ಟು ಆಲ್ಬಮ್ ಕೊಟ್ಟಿರದಿದ್ದರೆ, ಬಾಕಿ ಆಲ್ಬಮ್‌ಗಳಿಗೆ ಕಂಪನಿ ನಷ್ಟ ಪರಿಹಾರ ಕೇಳಬಹುದು. 2008ರಲ್ಲಿ ‘ಥರ್ಟಿ ಸೆಕೆಂಡ್ಸ್ ಟು ಮಾರ್ಸ್’ ತಂಡ ಏಳು ವರ್ಷ ದಾಟಿತು ಎಂದು ಹೊರಟಾಗ ಇಎಂಐ ಕಂಪನಿ ಕೇಳಿದ್ದು 3 ಕೋಟಿ ಡಾಲರ್, ಮರುವರ್ಷ ರಾಜಿಯಾಯಿತು.

ಟಿವಿ ಧಾರಾವಾಹಿಯ ನಟರ ಕರಾರುಗಳಲ್ಲಿ ಆಪ್ಷನ್‌ಗಳ ಲೆಕ್ಕ ಹಾಕುವಾಗ ವಕೀಲರು ಈಗಲೂ ಏಳು ವರ್ಷದ ಗೆರೆಯ ಒಳಗೆ ನಿಲ್ಲಿಸಲು ನೋಡುತ್ತಾರೆ. 2012ರಲ್ಲಿ ‘ಮಾಡರ್ನ್ ಫ್ಯಾಮಿಲಿ’ಯ ನಟರು ತಮ್ಮ ಕರಾರಿನ ಅವಧಿ ಆ ಗೆರೆ ದಾಟುತ್ತದೆ, ಹಾಗಾಗಿ ಅದು ನಡೆಯದು ಎಂದು ಲಾಸ್ ಏಂಜಲೀಸ್ ಕೋರ್ಟಿಗೆ ಹೋದರು. ಸಂಬಳದ ಮಾತುಕತೆ ಆಗ ಬಿಕ್ಕಟ್ಟಿನಲ್ಲಿತ್ತು. ಕೆಲವೇ ದಿನಗಳಲ್ಲಿ ಸಂಬಳ ಏರಿತು, ನಟರು ಸೆಟ್ಟಿಗೆ ಮರಳಿದರು.